ಒಂದು ತಲೆ ಹೆಚ್ಚಿಗೆ

ನಮ್ಮ ಮಾಮಾನಿಗೆ ಎಣಿಸಲು ಬರುವುದಿಲ್ಲ. ಇದನ್ನು ನಾನು ಸಿಟ್ಟಿನಿಂದ ಹೇಳುತ್ತಿಲ್ಲ, ಅನುಭವದಿಂದ ಹೇಳುತ್ತಿದ್ದೇನೆ. ನಾಲ್ಕು ಮಂದಿಯನ್ನು ಸಾಲಾಗಿ ಕೂರಿಸಿ, ಎಷ್ಟು ಮಂದಿ ಇದ್ದೇವೆ ಎಂದು ಅವನನ್ನು ಕೇಳಿ ನೋಡಿ. ಒಬ್ಬೊಬ್ಬರ ಕಡೆಗೂ ಬೆರಳು ಮಾಡಿ, ತುಟಿ ಅಲ್ಲಾಡಿಸುತ್ತ, ಸಾವಕಾಶ ಎಣಿಸಿ, "ಐದು" ಎನ್ನುತ್ತಾನೆ. ಹತ್ತು ಮಂದಿ ಇದ್ದರೆ ಹನ್ನೊಂದು. ಮನೆಯಲ್ಲಿ ತಾನೊಬ್ಬನೇ ಇದ್ದಾಗ ಕೇಳಿದರೆ? "ಇಬ್ರದೀವಿ" ಎನ್ನುತ್ತಾನೆ! ಹೀಗೆನ್ನುವ ಮನುಷ್ಯ ಎರಡನೇ ಇಯತ್ತೆಯಲ್ಲೇ ಶಾಲೆ ಬಿಟ್ಟಿರಬೇಕು ಎಂದುಕೊಂಡಿರಾ? ಅಲ್ಲವೇ ಅಲ್ಲ! ಹತ್ತೊಂಬತ್ತು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದವನು. ತಲೆ ಎಣಿಸುವುದೇ ಅವನ ನೌಕರಿಯಾಗಿತ್ತು.

ಮಾಮಾ ಅಂದರೆ ನನ್ನ ಅವ್ವನ ತಮ್ಮ. ಮದುವೆಯಾಗಿಲ್ಲ. ನಾನು ಹತ್ತು ವರ್ಷದವಳಿದ್ದಾಗ ನಮ್ಮ ಅಪ್ಪ ತೀರಿಕೊಂಡ ಮೇಲೆ ಅಣ್ಣಿಗೇರಿಯ ನಮ್ಮ ಮನೆಗೆ ಬಂದು ಉಳಿದವನು. ನಮ್ಮ ಮನೆಯಲ್ಲಿ ಕನ್ನಡಿ ಇಲ್ಲ. ಯಾಕೆಂದರೆ ಕನ್ನಡಿ ಇದ್ದರೆ ಮಂದಿ ಎರಡರಷ್ಟಾಗುತ್ತಾರೆ, ಅವನ ಎಣಿಕೆ ತಪ್ಪುತ್ತದೆ! ನಾನು ಕಾಲೇಜು ಮುಗಿಸಿ, ಪ್ರಾಥಮಿಕ ಶಾಲೆಯ ಮಾಸ್ತರಿಣಿಯಾಗುವ ತನಕ ಸ್ಟೀಲಿನ ತಾಟಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಂಡವಳು. ಕ್ಷೌರದ ಅಂಗಡಿಯೊಳಕ್ಕೆ ಅವನು ಹೋಗುವುದಿಲ್ಲ. ಅಲ್ಲಿ ಎದುರೂ ಕನ್ನಡಿ, ಹಿಂದೂ ಕನ್ನಡಿ. ಒಬ್ಬ ಮನುಷ್ಯನ ಹಿಂದೆ ಒಬ್ಬ, ಅವನ ಹಿಂದೆ ಇನ್ನೊಬ್ಬ, ಕಣ್ಣು ಹಾಯುವಷ್ಟು ದೂರ ತಲೆಗಳೇ! ಅದಕ್ಕೆ ಅವನ ಕ್ಷೌರ ಅಂಗಡಿಯ ಹೊರಗೆ, ಕಟ್ಟೆಯ ಮೇಲೆ, ಹೋಗುವವರು ಬರುವವರ ಎದುರಿಗೆ ಆಗುತ್ತದೆ.

ಇಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಅವನಿಗೆ ತುಂಬಿದ ಚೀಲ ಕಂಡರೂ ಹೆದರಿಕೆ. ಅದರ ಮೇಲೆ ಯಾರಾದರೂ ಟಾವೆಲ್ಲು ಹೊದಿಸಿದ್ದರಂತೂ ಮುಗಿಯಿತು, ಮೈ ಬೆವೆತು ಬಾಯಿ ಒಣಗುತ್ತದೆ. ಹೇಳಿ, ಕಾಳುಕಡಿ ವ್ಯಾಪಾರದ ಅಣ್ಣಿಗೇರಿಯಲ್ಲಿ ಚೀಲಕ್ಕೆ ಹೆದರುವ ಮನುಷ್ಯ ಹೇಗೆ ಬಾಳುವೆ ಮಾಡಬೇಕು? ಕಡಲೆ ಸುಗ್ಗಿಯಲ್ಲಿ ಅವನು ಪೇಟೆಗೆ ಹೋಗಬೇಕಾದರೆ ಊರನ್ನು ಪೂರಾ ಒಂದು ಸುತ್ತು ಹಾಕಿ ಹೋಗುತ್ತಾನೆ.

ಆದರೆ ಅವನ ಕಣ್ಣು ಮಾತ್ರ, ಶಿವನೇ! ನೀವು ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ನಿಮ್ಮ ದಿನದ ಚರಿತ್ರೆಯೆಲ್ಲ ಅವನಿಗೆ ಗೊತ್ತಾಗಿರುತ್ತದೆ. ಒಮ್ಮೆ ನಮ್ಮ ಬಾಜೂ ಮನೆಯ ಯಜಮಾನರು ಬಂದು ಕೂತಿದ್ದರು. ಹಣೆ ತುಂಬ ವಿಭೂತಿ, ಮಾತು ಮಾತಿಗೆ ಶಿವಶಿವಾ. ಅವರ ಹೆಂಡತಿಯೂ ಜೊತೆಗಿದ್ದರು.

"ಎಲ್ಲಿಗ್ಹೋಗಿದ್ರಿ?" ಎಂದು ಅವ್ವ ಕೇಳಿದಳು.

"ಹೊಲಕ್ಕ ಹೋಗಿದ್ದೆ ನೋಡ್ರಿ, ಅಲ್ಲಿಂದ ಸೀದಾ ಗುಡಿಗೆ."

ಮಾಮಾ ಹೊಸ್ತಿಲ ಕಡೆ ನೋಡುತ್ತ, ಅಗದಿ ವಿನಯದಿಂದ, "ಹೊಲದಾಗ ಕೋಳಿ ಸಾಕೀರೇನ್ರಿ? ಚಪ್ಪಲಿಗೆ ತತ್ತಿ ಸಿಪ್ಪಿ ಹತ್ತೈತಿ. ಬಾಜೂಕ ಉಳ್ಳಾಗಡ್ಡಿ ಚೂರೂ ಐತಿ" ಎಂದ.

ಹೆಂಡತಿ ಗಂಡನ ಮುಖ ನೋಡಿದರು. ಗಂಡ ಚಪ್ಪಲಿ ನೋಡಿದರು. ಆಮ್ಲೆಟ್ಟಿನ ಗಾಡಿಯ ಗುಟ್ಟು ಹೀಗೆ ಹೊರಬಿತ್ತು. ಆ ಮನೆಯವರು ಈಗಲೂ ನಮ್ಮೊಂದಿಗೆ ಮಾತಾಡುವುದಿಲ್ಲ, ನಮ್ಮ ಮನೆಯ ಮುಂದೆ ಬರಿಗಾಲಲ್ಲಿ ಹಾದುಹೋಗುತ್ತಾರೆ!

ಇಂಥವನ ಕೈಗೆ ಆ ಧಾರಾವಾಹಿ ಸಿಕ್ಕಿತು ನೋಡಿ.

ಮಧ್ಯಾಹ್ನ ಹನ್ನೆರಡೂವರೆಗೆ ಬರುವ ಪತ್ತೇದಾರಿ ಸೀರಿಯಲ್ಲು. ಯಾವುದೋ ದೂರದ ಊರಿನಲ್ಲಿ ತೆಗೆದದ್ದಕ್ಕೆ ಬೆಂಗಳೂರು ಕಡೆಯ ಕನ್ನಡದ ಮಾತು ಹಚ್ಚಿದ್ದಾರೆ. ಅದರ ಪತ್ತೇದಾರ ಮನೆಯೊಳಗೂ ಛತ್ರಿ ಬಿಚ್ಚಿಕೊಂಡೇ ಓಡಾಡುತ್ತಾನೆ. ಛಾವಣಿ ಯಾವಾಗ ತಲೆಯ ಮೇಲೆ ಬೀಳುತ್ತದೋ ಎಂಬ ಭಯ! ನಗಿಸುತ್ತ ನಗಿಸುತ್ತ ಇದ್ದಕ್ಕಿದ್ದ ಹಾಗೆ ಗೋಡೆಗೆ ಹಣೆ ಹಚ್ಚಿ ಅಳುತ್ತಾನೆ. ಆದರೆ ಹೆಣ ಬಿದ್ದ ಕೋಣೆಗೆ ಕಾಲಿಟ್ಟನೆಂದರೆ ಅಂಥ ಬುದ್ಧಿವಂತ ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಸೀರಿಯಲ್ಲು ಶುರುವಾಗುವಾಗ ಹಾಡಿಲ್ಲ, ವಾದ್ಯವಿಲ್ಲ. ಮೊದಲು ಒಂದು ಬಾಗಿಲು ಕಿರ್ರೆನ್ನುತ್ತದೆ. ಆಮೇಲೆ ಯಾರೋ ಮೆಲ್ಲಗೆ ಸಿಳ್ಳೆ ಹಾಕುತ್ತಾರೆ. ಅಷ್ಟೇ. ಬೇಸಿಗೆಯ ನಡುಮಧ್ಯಾಹ್ನ, ಓಣಿಯಲ್ಲಿ ನಾಯಿಯೂ ಕಾಣದ ಹೊತ್ತಿನಲ್ಲಿ ಆ ಸಿಳ್ಳೆ ಕೇಳಿದರೆ ಬಿಸಿಲಲ್ಲೂ ಮೈ ಜುಂ ಎನ್ನುತ್ತದೆ.

ಮಾಮಾ ಅದನ್ನು ಒಂದು ದಿನವೂ ತಪ್ಪಿಸುವುದಿಲ್ಲ. ಆದರೆ ಒಂದು ದಿನವೂ ನೋಡಿಲ್ಲ! ಟಿವಿಗೆ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ ಕೂರುತ್ತಾನೆ. "ನೋಡಿದ್ರ ಎಣಸಬೇಕಾಕ್ಕೈತಿ. ಕೇಳಿದ್ರ ಸಾಕು" ಎನ್ನುತ್ತಾನೆ. ಹತ್ತು ನಿಮಿಷ ಕೇಳಿ, ಕೊಂದವರು ಯಾರೆಂದು ಗೋಡೆಗೆ ಹೇಳಿಬಿಡುತ್ತಾನೆ. ಓಣಿಯ ಹೆಂಗಸರು ಸೀರಿಯಲ್ಲು ನೋಡುವುದನ್ನು ಬಿಟ್ಟು ಅವನ ಬೆನ್ನನ್ನು ನೋಡಲು ಬರತೊಡಗಿದರು.

ಒಂದು ದಿನ ಏನಾಯಿತೆಂದರೆ, ಸೀರಿಯಲ್ಲಿನ ದೊಡ್ಡ ಬಂಗಲೆಯಲ್ಲಿ ನಾಲ್ಕು ಮಂದಿ ಕೂತು ಮಾತಾಡುತ್ತಿದ್ದರು. ನಾವೆಲ್ಲ ಕಣ್ಣು ಪಿಳುಕಿಸದೆ ನೋಡುತ್ತಿದ್ದೆವು. ಮಾಮಾ ಗೋಡೆಯ ಕಡೆ ಮುಖವಿಟ್ಟುಕೊಂಡೇ, ಮೆಲ್ಲಗೆ, "ಐದನೇಯಾಕಿ ಒಬ್ಬಾಕಿ ಅದಾಳ. ಮಾತಾಡವಲ್ಲಳು. ಉಸುರು ಬಿಗಿ ಹಿಡದು ನಿಂತಾಳ" ಎಂದ.

"ನಿನ್ನ ಐದರ ಮನಿ ಹಾಳಾಗ್ಲಿ!" ಎಂದು ಅವ್ವ ನಕ್ಕಳು.

ಮರುದಿನದ ಕಂತಿನಲ್ಲಿ ಪತ್ತೇದಾರ ಪರದೆ ಸರಿಸಿದ. ಹಿಂದೆ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಹಿಂದಿನ ದಿನದಿಂದಲೂ ಅಲ್ಲೇ ಇದ್ದಳಂತೆ! ಆವತ್ತು ನಮ್ಮ ಪಡಸಾಲೆಯಲ್ಲಿ ಯಾರೂ ನಗಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು. ಹೋಗುವಾಗ ಅವರೂ ಒಬ್ಬರನ್ನೊಬ್ಬರು ಎಣಿಸಿಕೊಂಡು ಹೋದರು.

ಇವನು ಹೀಗೇಕಾದ ಎಂದು ಅವ್ವ ನನಗೆ ಹೇಳಿದ್ದು ನಾನು ದೊಡ್ಡವಳಾದ ಮೇಲೆ.

ಆಗ ಮಾಮಾ ನವಲಗುಂದದಿಂದ ಅಣ್ಣಿಗೇರಿಗೆ ಬರುವ ಬಸ್ಸಿಗೆ ಕಂಡಕ್ಟರ್ ಆಗಿದ್ದ. ಒಂದು ಬೇಸಿಗೆಯ ಮಧ್ಯಾಹ್ನ, ದಾರಿಯಲ್ಲಿ ಬಸ್ಸು ನಿಂತಾಗ, ಒಬ್ಬ ಮುದುಕಿ ನೀರು ಕುಡಿದು ಬರುತ್ತೇನೆಂದು ಇಳಿದಳು. ಹೊರಡುವ ಮುಂಚೆ ಮಾಮಾ ರೂಢಿಯಂತೆ ತಲೆ ಎಣಿಸಿದ. ಸರಿಯಾಗಿತ್ತು. ಎರಡು ಸಲ ಗಂಟೆ ಹೊಡೆದ. ಬಸ್ಸು ಹೊರಟಿತು. ಮುದುಕಿಯ ಜಾಗದಲ್ಲಿ ಅವನು ಎಣಿಸಿದ್ದು ಯಾರೋ ಇಟ್ಟಿದ್ದ ಮೆಣಸಿನಕಾಯಿ ಚೀಲವನ್ನು. ಬಿಸಿಲಿಗೆಂದು ಅದರ ಮೇಲೆ ಟಾವೆಲ್ಲು ಹೊದಿಸಿದ್ದರು.

ಎರೆಹೊಲದ ನಡುವಿನ ರಸ್ತೆ. ಹತ್ತಿರ ಊರಿಲ್ಲ, ಮನೆಯಿಲ್ಲ. ಸಂಜೆ ಯಾರೋ ನೋಡಿದಾಗ ಮುದುಕಿ ಬನ್ನಿ ಗಿಡಕ್ಕೆ ಒರಗಿ, ರಸ್ತೆಯ ಕಡೆ ಮುಖ ಮಾಡಿ ಕೂತಿದ್ದಳಂತೆ. ಜೀವ ಹೋಗಿತ್ತು. ಮುಷ್ಟಿಯಲ್ಲಿ ಟಿಕೆಟ್ಟು ಇತ್ತು.

ಯಾರೂ ಮಾಮಾನ ಮೇಲೆ ತಪ್ಪು ಹೊರಿಸಲಿಲ್ಲ. ವಯಸ್ಸಾಗಿತ್ತು, ಬಿಸಿಲಿತ್ತು ಎಂದರು. ಮುದುಕಿಯ ಮಗನೇ ಬಂದು, "ನೀವರ ಏನ್ ಮಾಡ್ತೀರಿ ಬಿಡ್ರಿ" ಎಂದು ಹೋದ. ಆದರೆ ಮರುದಿನದಿಂದ ಮಾಮಾನ ಎಣಿಕೆಯಲ್ಲಿ ಒಂದು ತಲೆ ಹೆಚ್ಚಿಗೆ ಬರತೊಡಗಿತು. ಟಿಕೆಟ್ಟು ನಲವತ್ತೆರಡು, ತಲೆ ನಲವತ್ತಮೂರು. ಬಸ್ಸು ನಿಲ್ಲಿಸಿ ಮತ್ತೆ ಎಣಿಸುತ್ತಿದ್ದ. ಹಿಂದಿನ ಸೀಟಿನಿಂದ ಎಣಿಸಿದರೂ ಅಷ್ಟೇ, ಮುಂದಿನಿಂದ ಎಣಿಸಿದರೂ ಅಷ್ಟೇ. ಮಂದಿ ಬೈದರು, ಡ್ರೈವರ್ ಕೈಮುಗಿದ. ಎಂಟನೆಯ ದಿನ ಆ ಬನ್ನಿ ಗಿಡದ ಹತ್ತಿರ ಬಸ್ಸು ನಿಲ್ಲಿಸಿ, ಟಿಕೆಟ್ಟಿನ ಚೀಲವನ್ನು ಡ್ರೈವರನ ಕೈಗಿತ್ತು ಇಳಿದುಬಿಟ್ಟ. ಅಣ್ಣಿಗೇರಿಯ ತನಕ ನಡೆದು ಬಂದ. ಆಮೇಲೆ ಅವನು ಬಸ್ಸು ಹತ್ತಿಲ್ಲ.

ಇದನ್ನೆಲ್ಲ ತಿಳಿದೂ ನಾವು ಅವನನ್ನು ನನ್ನ ಮದುವೆಯ ಮಾತುಕತೆಗೆ ಕರೆದುಕೊಂಡು ಹೋದೆವು ನೋಡಿ, ನಮ್ಮ ಧೈರ್ಯಕ್ಕೆ ಏನನ್ನಬೇಕು? ಆದರೆ ಬೇರೆ ದಾರಿ ಇರಲಿಲ್ಲ. ನಮ್ಮ ಮನೆಗೆ ಗಂಡು ಹಿರಿಯ ಎಂದರೆ ಅವನೊಬ್ಬನೇ.

ವರ ಕುಂದಗೋಳ ತಾಲೂಕಿನ ಕುಬಿಹಾಳದವನು, ದನದ ದವಾಖಾನೆಯಲ್ಲಿ ಕೆಲಸ. ಹೊಲಮನೆ ಇತ್ತು, ಮಾತು ಮೆತ್ತಗಿತ್ತು. ಹಾಗಿದ್ದರೆ ಮೂವತ್ತಮೂರು ವರ್ಷವಾದರೂ ಮದುವೆ ಯಾಕಾಗಿಲ್ಲ? ನಡುವೆ ನಿಂತು ಸಂಬಂಧ ಹೇಳಿದವರು ಮೊದಲು ಕೆಮ್ಮಿದರು, ಆಮೇಲೆ ದನಿ ಇಳಿಸಿ ಹೇಳಿದರು.

"ಮೂರು ಮನಿತನ ನೋಡಾಕ ಬಂದು ಹೋಗ್ಯಾವ್ರಿ. ಮೂರೂ ಮಂದಿ ಚಾ ಕುಡೀದ ಎದ್ದು ಹೋದ್ರು. ಆ ಮನ್ಯಾಗ... ಯಾರೂ ಇರದ ಖೋಲ್ಯಾಗ ಬಳಿ ಸಪ್ಪಳ ಆಕ್ಕೈತಂತ."

ಅವ್ವ ಆಗಲೇ ಬೇಡವೆಂದಳು. ನನಗೆ ಮಾತ್ರ ಆ ಹುಡುಗ ಹಿಡಿಸಿದ್ದ. ಫೋನಿನಲ್ಲಿ ಎರಡು ಸಲ ಮಾತಾಡಿದ್ದೆವು. ಒಂದು ಇಡೀ ತಾಸು ಅವನು ಎಮ್ಮೆಯ ಹೊಟ್ಟೆಯುಬ್ಬರದ ಬಗ್ಗೆ ಹೇಳಿದ್ದ. ನಾನು ಇಡೀ ತಾಸು ಕೇಳಿದ್ದೆ! ಇದಕ್ಕಿಂತ ಹೆಚ್ಚಿನ ಪ್ರೀತಿ ಇರುತ್ತದೆಯೇ? ಕೊನೆಗೆ ಅವನು, "ನಮ್ಮ ಮನೀದೊಂದು ಮಾತು ಹೇಳೂದಿತ್ರಿ..." ಎಂದು ಶುರುಮಾಡಿ, "ಇರಲಿ ಬಿಡ್ರಿ, ಬಂದಾಗ ಹೇಳ್ತೇನಿ" ಎಂದಿದ್ದ. ಆ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ನಾನು ಇರಬೇಕಾದ ಮನೆಯನ್ನು ನಾನೇ ನೋಡಬೇಕು ಎಂದು ಹಟ ಹಿಡಿದೆ.

ಮಾಮಾ ಬಸ್ಸು ಹತ್ತುವವನಲ್ಲ. ಹಾಗಾಗಿ ಅಣ್ಣಿಗೇರಿಯಿಂದ ಕುಬಿಹಾಳದವರೆಗೆ ಒಂದು ಟಂಟಂ ಗೊತ್ತು ಮಾಡಿದೆವು. ಬಾಗಿಲಿಲ್ಲದ ಗಾಡಿ, ಒಳಗೆ ಯಾರಿದ್ದಾರೆಂದು ನಾಲ್ಕೂ ಕಡೆಯಿಂದ ಕಾಣುತ್ತದೆ, ಅದಕ್ಕೆ ಮಾಮಾ ಒಪ್ಪಿದ. ಮೇ ತಿಂಗಳ ಬಿಸಿಲು. ಎರೆಹೊಲಗಳು ಬಾಯಿಬಿಟ್ಟು ಬಿರಿದಿದ್ದವು. ದೂರದ ರಸ್ತೆಯ ಮೇಲೆ ನೀರು ನಿಂತ ಹಾಗೆ ಕಾಣುತ್ತಿತ್ತು, ಹತ್ತಿರ ಹೋದರೆ ಏನೂ ಇರಲಿಲ್ಲ. ದಾರಿಯಲ್ಲಿ ಗಾಡಿ ನಿಂತಾಗಲೆಲ್ಲ ಮಾಮಾ ಇಳಿದು, ಡ್ರೈವರ್, ಅವ್ವ, ನಾನು, ತಾನು ಎಂದು ಬೆರಳು ಮಾಡಿ, "ಐದು. ಹೋಗೂಣು ನಡೀರಿ" ಎನ್ನುತ್ತಿದ್ದ.

ಮೂರನೆಯ ಸಲ ಡ್ರೈವರ್ ತಡೆಯಲಾರದೆ ಕೇಳಿದ. "ಐದನೇದವ್ರು ಎಲ್ಲಿ ಕುಂತಾರ್ರಿ?"

"ನಿನ್ನ ಬಾಜೂಕ" ಎಂದ ಮಾಮಾ.

ಅಲ್ಲಿಂದ ಕುಬಿಹಾಳದ ತನಕ ಆ ಮನುಷ್ಯ ಸೀಟಿನ ಅರ್ಧದಲ್ಲಿ ಮುದುಡಿ ಕೂತು ಗಾಡಿ ಓಡಿಸಿದ!

ಮನೆ ಊರಿನ ಅಂಚಿನಲ್ಲಿತ್ತು. ದಪ್ಪ ಮಣ್ಣಿನ ಗೋಡೆ, ಸಣ್ಣ ಕಿಟಕಿಗಳು. ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಬಾವಿಗೆ ಇಳಿದ ಹಾಗೆ ತಂಪು, ಕತ್ತಲು. ಮನೆಯವರು ಮೂವರೇ. ವರ, ಅವನ ತಂದೆ, ತಾಯಿ. "ಬರ್ರಿ, ಬರ್ರಿ" ಎಂದರು, ಕೈಕಾಲಿಗೆ ನೀರು ಕೊಟ್ಟರು. ಆದರೆ ಮೂವರ ದನಿಯೂ ಅಗತ್ಯಕ್ಕಿಂತ ದೊಡ್ಡದಾಗಿತ್ತು, ಏನನ್ನೋ ಮುಚ್ಚಲು ಮಾತಾಡುವವರ ಹಾಗೆ.

ಮಾಮಾ ಹೊಸ್ತಿಲಲ್ಲೇ ನಿಂತುಬಿಟ್ಟ. ಅಂಗಳದ ಮೂಲೆಯಲ್ಲಿ, ನೀರಿನ ಡ್ರಮ್ಮಿನ ಹಿಂದೆ ಒಂದು ಜೊತೆ ಹೆಂಗಸಿನ ಚಪ್ಪಲಿ ಇತ್ತು. ವರನ ತಾಯಿಯ ಪಾದ ಅಗಲ, ಚಪ್ಪಲಿ ಸಣ್ಣದು. ಅದರ ಮೇಲೆ ಇನ್ನೂ ಧೂಳು ಕೂತಿರಲಿಲ್ಲ. ಅವನು ಅದನ್ನು ನೋಡಿದ್ದನ್ನು ನಾನು ನೋಡಿದೆ. ಒಳಗೆ ಬಂದವನೇ ಎಲ್ಲರಿಗೂ ಬೆನ್ನು ಮಾಡಿ ಗೋಡೆಗೆ ಮುಖ ಮಾಡಿ ಕೂತ!

ವರನ ತಂದೆ ಕಣ್ಣರಳಿಸಿ ಅವ್ವನನ್ನು ಕೇಳಿದರು. "ಬೀಗರು ಯಾಕ ಹಂಗ ಕುಂತಾರ್ರಿ?"

"ಅವಗ ಗ್ವಾಡಿ ಅಂದ್ರ ಭಾಳ ಪ್ರೀತಿರಿ" ಎಂದಳು ಅವ್ವ. ಪಾಪ, ಇನ್ನೇನು ಹೇಳಬೇಕಿತ್ತು?

ಮಾತು ಮಳೆ ಬೆಳೆಯ ಕಡೆ ಹೊರಳಿತು. ಅಡಿಗೆಮನೆಯಿಂದ ಶೇಂಗಾ ಹೋಳಿಗೆಯ ವಾಸನೆ ಬರುತ್ತಿತ್ತು. ಇದ್ದಕ್ಕಿದ್ದಂತೆ, ಪಡಸಾಲೆಯ ಆಚೆ ಬದಿಯ ಮುಚ್ಚಿದ ಖೋಲಿಯೊಳಗಿಂದ, ಛಿಲ್ ಛಿಲ್ ಎಂದು ಗಾಜಿನ ಬಳೆಯ ಸಪ್ಪಳ. ಮಾತು ನಿಂತಿತು. ಸಪ್ಪಳವೂ ನಿಂತಿತು. ಮತ್ತೆ ಮಾತು ಶುರುಮಾಡಿದರೆ ಮತ್ತೆ ಛಿಲ್! ನಾನು ಆ ಬಾಗಿಲನ್ನೇ ನೋಡಿದೆ. ಹೊರಗಿನಿಂದ ಚಿಲಕ ಹಾಕಿತ್ತು.

"ಕಾಳಿನ ಖೋಲಿ ಅದು. ಇಲಿ ಕಾಟ ಭಾಳ" ಎಂದರು ವರನ ತಂದೆ. ಅವರ ಹಣೆಯ ವಿಭೂತಿ ಬೆವರಿಗೆ ಕರಗುತ್ತಿತ್ತು.

"ಕುಬಿಹಾಳದ ಇಲಿ ಬಳಿ ಇಟ್ಕೊತಾವೇನ್ರಿ?" ಎಂದಳು ಅವ್ವ. ಕೇಳಿದ್ದೇನೋ ಜೋರಾಗಿಯೇ, ಆದರೆ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆರಳಿನ ಗುರುತು ಎರಡು ದಿನ ಇತ್ತು.

ಆಗ ಮಾಮಾ ಗೋಡೆಯ ಕಡೆಯಿಂದಲೇ, "ಎಂಟು ಮಂದಿ" ಎಂದ.

ನಾವು ಮೂವರು, ಅವರು ಮೂವರು. ಆರು. ಅವ್ವ ಅವನ ತೊಡೆ ಚಿವುಟಿ, "ಲೇ ತಮ್ಮಾ, ಇವತ್ತೊಂದಿನ ಸುಮ್ಮಕಿರು. ಆರು ಮಂದಿ ಅದೀವಿ. ಬೇಕಾದ್ರ ಏಳು ಅನ್ನು!" ಎಂದು ಪಿಸುಗುಟ್ಟಿದಳು.

ಅವನು ಮೊದಲ ಸಲ ಮನೆಯವರ ಕಡೆ ತಿರುಗಿದ. ಕೈಮುಗಿದು ಹೇಳಿದ.

"ಯಜಮಾನ್ರ, ತಪ್ಪು ತಿಳೀಬ್ಯಾಡ್ರಿ. ನನ್ನ ಎಣಿಕ್ಯಾಗ ಯಾವಾಗ್ಲೂ ಒಂದು ತಲಿ ಹೆಚ್ಚಿಗಿ ಇರ್ತೈತಿ. ಇವತ್ತ ಎರಡು ಅದಾವ. ಒಂದು ನಂದು. ಇನ್ನೊಂದು ನಿಮ್ಮದು."

ಗೋದಲಿಯಲ್ಲಿ ಎಮ್ಮೆ ಮೆಲುಕು ಹಾಕುವುದು ಸಹಿತ ಕೇಳುತ್ತಿತ್ತು. ಹೊರಗೆ ಬಿಸಿಲು ಬೆಳ್ಳಗೆ ಉರಿಯುತ್ತಿತ್ತು. ಆಗಲೇ, ಸರಿಯಾಗಿ ಹನ್ನೆರಡೂವರೆಗೆ, ಚಿಲಕ ಹಾಕಿದ ಖೋಲಿಯೊಳಗೆ ಒಂದು ಬಾಗಿಲು ಕಿರ್ರೆಂದಿತು. ಆಮೇಲೆ ಯಾರೋ ಮೆಲ್ಲಗೆ ಸಿಳ್ಳೆ ಹಾಕಿದರು.

ಅವ್ವ "ಶಿವನೇ!" ಎಂದು ಕಣ್ಣು ಮುಚ್ಚಿದಳು. ಮಾಮಾ ಮಾತ್ರ ಎದ್ದ. ಕನ್ನಡಿಗೆ ಹೆದರುವವನು, ಚೀಲಕ್ಕೆ ಹೆದರುವವನು, ಆ ಬಾಗಿಲಿನ ತನಕ ಹೋದ. ಚಿಲಕ ಮುಟ್ಟಲಿಲ್ಲ. ಬಾಗಿಲಿಗೆ ಬೆನ್ನು ಹಚ್ಚಿ ನೆಲದ ಮೇಲೆ ಕೂತ. ತಲೆ ಒಂದು ಬದಿಗೆ ವಾಲಿಸಿ ಏನೋ ಹೇಳಿದ. ಒಳಗಿನಿಂದ ಸಿಳ್ಳೆ ತಟ್ಟನೆ ನಿಂತಿತು. ಅವನು ಮತ್ತೆ ಏನೋ ಹೇಳಿದ. ಒಳಗಿನಿಂದ ಒಂದು ದನಿ, ಹೆಣ್ಣಿನ ದನಿ, ಸಣ್ಣಗೆ ಉತ್ತರ ಕೊಟ್ಟಿತು. ನಮಗೆ ಒಂದು ಮಾತೂ ತಿಳಿಯಲಿಲ್ಲ.

ವರನ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ನಾನು ಹುಡುಗನ ಮುಖ ನೋಡಿದೆ.

"ಒಳಗ ಯಾರದಾರ್ರಿ?"

"ನನ್ನ ತಂಗಿ" ಎಂದ ಅವನು. ತಲೆ ತಗ್ಗಿಸಿದ್ದ. "ಫೋನಿನ್ಯಾಗ ಹೇಳೂದಂದಿದ್ದೆನಲ್ಲರಿ, ಇದ."

"ಸುಮ್ಮಕಿರು!" ಎಂದು ತಂದೆ ಗದರಿದರು. "ಆಕಿ ಹೊರಗ ಬಂದ್ರ ಈ ಬೀಗತನಾನೂ ಮುರದು ಬೀಳ್ತೈತಿ. ನಾ ಏನು ಖುಷಿಗೆ ಚಿಲಕ ಹಾಕೇನೇನು?"

ಸೀರಿಯಲ್ಲಿನಲ್ಲಾದರೆ ಇಂಥ ಹೊತ್ತಿಗೆ ಪತ್ತೇದಾರ ಎಲ್ಲರನ್ನೂ ಸುತ್ತ ನಿಲ್ಲಿಸಿ ಒಬ್ಬರ ಕಡೆ ಬೆರಳು ಮಾಡುತ್ತಾನೆ. ನಮ್ಮ ಪತ್ತೇದಾರ ಯಾರ ಕಡೆಗೂ ಬೆರಳು ಮಾಡದೆ, ಬಾಗಿಲಿಗೆ ಒರಗಿ ಸುಮ್ಮನೆ ಕೂತಿದ್ದ. ಐದು ನಿಮಿಷ, ಹತ್ತು ನಿಮಿಷ. ಕೊನೆಗೆ ಹುಡುಗ ಎದ್ದ. ತಂದೆಯ ಮುಖವನ್ನೊಮ್ಮೆ ನೋಡಿದ, ನನ್ನ ಮುಖ ನೋಡಲಿಲ್ಲ. ಹೋಗಿ ಚಿಲಕ ತೆಗೆದ.

ಹೊರಗೆ ಬಂದವಳು ಇಪ್ಪತ್ತಾರರ ಹುಡುಗಿ. ಮುಖದ ಅರ್ಧ, ಕುತ್ತಿಗೆ, ಎರಡೂ ಕೈ ಬಿಳಿ ಕಲೆ. ಮಂದಿ ತೊನ್ನು ಎಂದು ಮೂಗು ಮುರಿಯುತ್ತಾರಲ್ಲ, ಅದು. ಒಂದು ಕೈಯಲ್ಲಿ ಮೊಬೈಲು, ಅದರಲ್ಲಿ ಛತ್ರಿ ಬಿಚ್ಚಿದ ಪತ್ತೇದಾರ. ಇನ್ನೊಂದು ಕೈಯಲ್ಲಿ ಒಂದು ಹಳೆಯ ತಗಡಿನ ಡಬ್ಬಿ, ಅದರ ತುಂಬ ಒಡೆದ ಬಳೆ ಚೂರು! ಕಣ್ಣಲ್ಲಿ ನೀರಿತ್ತು, ಆದರೆ ಹೆದರಿಕೆ ಇರಲಿಲ್ಲ.

"ನೀವು ನಾಕನೇ ಗುಂಪು" ಎಂದಳು ನನಗೆ. "ಮೂರು ಗುಂಪು ಓಡಿಸೇನಿ. ಯಾರರ ಒಬ್ರು ಎದ್ದು, ಯಾರದಾರ ನೋಡೂಣು ಅಂತ ಬಾಗಲಾ ತಗದ್ರ ಅಂಥಾ ಮನೀ ಹುಡುಗಿ ನಮ್ಮಣ್ಣಗ ಇರ್ಲಿ ಅಂದ್ಕೊಂಡಿದ್ದೆ. ಯಾರೂ ತಗೀಲಿಲ್ಲ. ಎಲ್ಲಾರೂ ಚಪ್ಪಲಿ ಹಾಕ್ಕೊಂಡ್ರು."

ಅವ್ವ ಅವಳನ್ನು ತಲೆಯಿಂದ ಕಾಲಿನ ತನಕ ನೋಡಿದಳು. "ಯವ್ವಾ, ಮದ್ಲ ಆ ಡಬ್ಬಿ ಇತ್ತಾಗ ಕೊಡು. ನನ್ನ ಎದಿ ಇನ್ನೂ ಹಾರಾಕತ್ತೈತಿ" ಎಂದಳು. ವರನ ತಾಯಿ ಅಳುತ್ತಲೇ ನಕ್ಕರು. ಹೋಳಿಗೆ ಬಡಿಸಿದರು. ಏಳು ತಾಟು ಹಾಕಿದರು. ಹುಡುಗಿ ನನ್ನ ಬಾಜೂ ಕೂತಳು. ಅವಳ ತಂದೆ ಮಾತ್ರ ತುತ್ತು ಎತ್ತದೆ, ಬಹಳ ಹೊತ್ತು ತಾಟನ್ನೇ ನೋಡುತ್ತ ಕೂತಿದ್ದರು. ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬರಬೇಕಿತ್ತು, ಬಂದಿತ್ತು ಕೂಡ. ಆದರೆ ಅವರು ಕಣ್ಣೆತ್ತದೆ ಉಪ್ಪಿನಕಾಯಿಯನ್ನು ಮಗಳ ತಾಟಿನ ಹತ್ತಿರ ಸರಿಸಿದಾಗ ಆ ಸಿಟ್ಟು ಎಲ್ಲಿಡಬೇಕೋ ತಿಳಿಯಲಿಲ್ಲ.

ಮದುವೆ ಅಷ್ಟು ಸಸಾರವಾಗಿ ಆಗಲಿಲ್ಲ. ಅವ್ವ ಒಂದು ತಿಂಗಳು ಬೇಡವೇ ಬೇಡ ಎಂದಳು. ಮಂದಿ ಏನಂದಾರು, ನಾಳೆ ನಿನಗೆ ಹುಟ್ಟುವ ಮಕ್ಕಳಿಗೂ ಬಂದರೆ? ನಾನು ಅವ್ವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮುಟ್ಟಿದರೆ ಹತ್ತುವ ರೋಗ ಅಲ್ಲ ಎಂದು ಅವರು ಹೇಳಿದರು. ಮಕ್ಕಳ ಮಾತಿಗೆ, ಮನೆಯಲ್ಲೊಬ್ಬರಿಗೆ ಬಂದರೆ ಎಲ್ಲರಿಗೂ ಬರಬೇಕೆಂದೇನಿಲ್ಲ ಎಂದರು. ಅವ್ವ ಅರ್ಧ ನಂಬಿದಳು. ಉಳಿದರ್ಧವನ್ನು ಮಾಮಾ ಒಂದೇ ಮಾತಿನಲ್ಲಿ ಮುಗಿಸಿದ.

"ಅಕ್ಕಾ, ಆ ಮನ್ಯಾಗ ಅಪ್ಪನ ಎದುರಿಗೆ ಎದ್ದು ಚಿಲಕ ತಗಿಯೂ ಹುಡುಗ ಒಬ್ಬ ಅದಾನ. ನಮ್ಮ ಹುಡುಗಿಗೆ ಮತ್ತೇನು ಬೇಕು?"

ಹೀಗೆ ನಾನು ಕುಬಿಹಾಳದ ಸೊಸೆಯಾದೆ. ದೆವ್ವ ನನ್ನ ನಾದಿನಿಯಾದಳು! ಈಗ ಆಕೆ ಕುಂದಗೋಳದಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಾಳೆ. ಸೂಟಿಯ ದಿನ ಹನ್ನೆರಡೂವರೆಯಾಯಿತೆಂದರೆ ಫೋನು ಹಚ್ಚಿಕೊಂಡು ಇತ್ತ ಆಕೆ, ಅತ್ತ ಅಣ್ಣಿಗೇರಿಯಲ್ಲಿ ಮಾಮಾ, ಇಬ್ಬರೂ ಟಿವಿಗೆ ಬೆನ್ನು ಮಾಡಿ ಕೂರುತ್ತಾರೆ. "ಅಡಿಗಿಯಾವನ ಕೊಂದಾನ" ಎಂದು ಈಕೆ, "ಅಲ್ಲಬೇ, ಡಾಕ್ಟರು" ಎಂದು ಆತ. ಸೋತವರು ಅವತ್ತು ಫೋನು ಇಡುವ ಮುಂಚೆ ಗೆದ್ದವರಿಗೆ ಮೂರು ಸಲ "ಶರಣ್ರಿ ಸಾಹೇಬ್ರ" ಎನ್ನಬೇಕು. ನನ್ನ ನಾದಿನಿಯ ಬಾಯಲ್ಲಿ ಆ ಶರಣು ಕೇಳಿದ್ದು ನನಗೆ ನೆನಪಿಲ್ಲ.

ಮೊನ್ನೆ ನಾವಿಬ್ಬರೂ ಹಿತ್ತಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದೆವು. ಎಷ್ಟೋ ದಿನದಿಂದ ಕೇಳಬೇಕೆಂದಿದ್ದ ಮಾತು ಆಗ ಬಾಯ್ತಪ್ಪಿ ಬಂತು.

"ಅವತ್ತ ಮಾಮಾ ಬಾಗಲಕ್ಕ ಆತು ಕುಂತು ನಿನಗ ಏನ್ ಕೇಳಿದ? ಸುಳಿವು ಹೆಂಗ ಸಿಕ್ತು ಅಂತ ಹೇಳಿದನೇನು?"

ಆಕೆ ಕೈಯಲ್ಲಿದ್ದ ಕಾಯಿಯನ್ನು ಒಡೆಯದೆ ಹಾಗೇ ಹಿಡಿದು ಕೂತಳು.

"ಸುಳಿವಿಲ್ಲ, ಪಳಿವಿಲ್ಲ. 'ಊಟ ಆತೇನವ್ವಾ?' ಅಂದ್ರು."

ನಾನು ಶೇಂಗಾದ ಬುಟ್ಟಿಯನ್ನು ಬದಿಗೆ ಸರಿಸಿದೆ.

"ನಸುಕಿನ್ಯಾಗ ಒಳಗ ಹಾಕಿದ್ರು ವೈನಿ. ಹೋಳಿಗಿ ರಾತ್ರಿನ ನಾನ ಮಾಡಿಟ್ಟಿದ್ದೆ. ನನ್ನ ಊಟದ್ದು ಮನ್ಯಾಗಿನವ್ರಿಗೂ ನೆನಪಿರಲಿಲ್ಲ. ಮೂರು ಗುಂಪು ಬಂದು ಹೋದ್ರು, ನನಗ ದೆವ್ವ ಅಂದ್ರು. ದೆವ್ವಕ್ಕ ಊಟ ಆತೇನು ಅಂತ ಯಾರು ಕೇಳ್ತಾರ? ನಾ ಇಲ್ಲ ಅಂದೆ."

"ಅದಕ್ಕ ಮಾಮಾ ಏನಂದ?"

"'ನಂದೂ ಆಗಿಲ್ಲ. ನೀ ಬರೂತನಕ ನಾ ಇಲ್ಲೇ ಕುಂತಿರ್ತೇನಿ ತಗೋ' ಅಂದ್ರು. ನಾನೂ ಒಳಗಿಂದ ಬಾಗಲಕ್ಕ ಬೆನ್ನು ಹಚ್ಚಿ ಕುಂತೆ."